ನೊಂದ ಮನಸ್ಸುಗಳ ಒಡನಾಡಿ ದೇವರ ಸಂತ ಯೊವಾನ್ನರು

ಪ್ರತಿ ವರ್ಷ ಮಾರ್ಚ್ 8ರಂದು ಧರ್ಮಸಭೆಯು ದೇವರ ಸಂತ ಯೊವಾನ್ನರನ್ನು ಸ್ಮರಿಸುತ್ತದೆ. ಸಾಮಾನ್ಯವಾಗಿ ತಪಸ್ಸುಕಾಲದಲ್ಲಿಯೇ ಬರುವ ಈ ಸ್ಮರಣೆ ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚು ಗದ್ದಲವಿಲ್ಲದೆ ಕಳೆದುಹೋಗುತ್ತದೆ. ಆಸ್ಪತ್ರೆಗಳ, ರೋಗಿಗಳ ಹಾಗೂ ದಾದಿಯರ ಪಾಲಕ ಸಂತರೆಂದು ಇವರ ಹೆಸರನ್ನು ಕೇಳಿದವರಿದ್ದಾರೆ. ಆದರೆ ಈ ಸಂತರು ತಾವೇ ಒಮ್ಮೆ ಹುಚ್ಚರೆನಿಸಿಕೊಂಡು, ಕೈಕಾಲು ಕಟ್ಟಿಸಿಕೊಂಡು, ಆಸ್ಪತ್ರೆಯೊಂದರಲ್ಲಿ ಚಾವಟಿಯ ಏಟು ತಿಂದವರೆಂಬ ಸಂಗತಿ ಬಹು ಮಂದಿಗೆ ತಿಳಿದಿರಲಾರದು. ಅವರ ಬಾಳಿನ ಈ ಅಧ್ಯಾಯವನ್ನು ಇಂದು ನಮ್ಮ ಕುಟುಂಬಗಳ ಮುಂದೆ ಇಡಲು ಒಂದು ಕಾರಣವಿದೆ.

ನಾನು ಗುರುದೀಕ್ಷೆ ಪಡೆದ ಮೊದಲ ವರ್ಷಗಳ ಮಾತು. ಒಬ್ಬ ತಾಯಿ ಪ್ರಾಯಕ್ಕೆ ಬಂದ ತಮ್ಮ ಮಗನನ್ನು ನನ್ನ ಬಳಿಗೆ ಕರೆತಂದರು. ಹುಡುಗ ತಿಂಗಳುಗಳಿಂದ ಕೆಲಸಕ್ಕೆ ಹೋಗುತ್ತಿರಲಿಲ್ಲ. ಊಟ ನಿದ್ರೆಗಳು ತಪ್ಪಿದ್ದವು. ಕೋಣೆಯ ಬಾಗಿಲು ಮುಚ್ಚಿಕೊಂಡು ಗೋಡೆ ನೋಡುತ್ತಾ ಕುಳಿತಿರುತ್ತಿದ್ದ. ವರ್ಷಗಟ್ಟಲೆ ತತ್ವಶಾಸ್ತ್ರ ಓದಿ ಬಂದಿದ್ದ ನಾನು, ಸೋಮಾರಿತನ ಬಿಡುವಂತೆಯೂ ಹೆಚ್ಚು ವಿಶ್ವಾಸದಿಂದ ಜಪಮಾಲೆ ಹೇಳುವಂತೆಯೂ ಅವನಿಗೆ ಬುದ್ಧಿ ಹೇಳಿ, ಆಶೀರ್ವದಿಸಿ ಕಳುಹಿಸಿದೆ. ಅವನು ವೈದ್ಯರನ್ನು ಕಾಣಲು ಮತ್ತೆ ಎರಡು ವರ್ಷ ಹಿಡಿಯಿತು. ದೇವರ ಕೃಪೆಯಿಂದ ಜೀವ ಉಳಿಯಿತು. ಆದರೆ ಅಂದು ಬಾಗಿಲ ಬಳಿ ನಿಂತು ಆ ತಾಯಿ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇಂಥ ಕಷ್ಟ ಬಂದಿರುವ ಮನೆ ನಮ್ಮದೊಂದೇ ಏನು, ಬೇರೆ ಯಾರಾದರೂ ಇದ್ದರೆ ಅವರೊಡನೆ ಒಮ್ಮೆ ಮಾತನಾಡಬಹುದಿತ್ತಲ್ಲ ಎಂದು ಅವರು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಬಹುಕಾಲದ ಮೇಲೆ ಆ ಉತ್ತರವನ್ನು ಈ ಸಂತರ ಚರಿತ್ರೆಯಲ್ಲಿ ಕಂಡೆ.

ನೆಲೆಯಿಲ್ಲದ ಬಾಳು

ಯೊವಾನ್ನರು 1495ರಲ್ಲಿ ಪೋರ್ಚುಗಲ್ ದೇಶದ ಮೊಂತೆಮೋರ್ ಎಂಬ ಊರಿನಲ್ಲಿ ಜನಿಸಿದರು. ಬಡವರಾದರೂ ದೈವಭಕ್ತರಾದ ತಂದೆತಾಯಿಗೆ ಅವರು ಒಬ್ಬರೇ ಮಗ. ಎಂಟನೆಯ ವಯಸ್ಸಿನಲ್ಲಿ ಬಾಲಕನು ಮನೆಯವರಿಗೆ ಅರಿವಿಲ್ಲದಂತೆ ಪಾದ್ರಿಯೊಬ್ಬರ ಜೊತೆಯಲ್ಲಿ ಊರು ಬಿಟ್ಟು ಸ್ಪೇನ್ ದೇಶವನ್ನು ಸೇರಿದನೆಂದು ಅವರ ಮೊದಲ ಚರಿತ್ರೆಕಾರ ಫ್ರಾನ್ಸಿಸ್ಕೊ ದೆ ಕಾಸ್ತ್ರೊ ಬರೆದಿದ್ದಾರೆ. ಮಗನನ್ನು ಕಳೆದುಕೊಂಡ ತಾಯಿ ಕೆಲವೇ ದಿನಗಳಲ್ಲಿ ಕೊರಗಿ ತೀರಿಹೋದರು. ತಂದೆ ಫ್ರಾನ್ಸಿಸ್ಕನ್ ಮಠವೊಂದನ್ನು ಸೇರಿ ಅಲ್ಲಿಯೇ ಕಣ್ಣು ಮುಚ್ಚಿದರು. ಈ ಯಾವ ಸಂಗತಿಯೂ ಮಗನಿಗೆ ಅನೇಕ ವರ್ಷಗಳವರೆಗೆ ತಿಳಿಯಲೇ ಇಲ್ಲ.

ಸ್ಪೇನಿನ ಒರೊಪೇಸಾ ಎಂಬಲ್ಲಿ ಜಮೀನುದಾರ ಪ್ರಭುವಿನ ಕುರಿಮಂದೆಗಳನ್ನು ನೋಡಿಕೊಳ್ಳುತ್ತಿದ್ದ ಯಜಮಾನನೊಬ್ಬ ಬಾಲಕನಿಗೆ ಆಶ್ರಯ ಕೊಟ್ಟನು. ಅಲ್ಲಿ ಕುರಿ ಕಾಯುತ್ತಲೇ ಯೊವಾನ್ನರು ಯುವಕರಾದರು. 1523ರಲ್ಲಿ ಸೈನ್ಯ ಸೇರಿ, ಫ್ರೆಂಚರ ವಿರುದ್ಧ ನಡೆದ ಕಾಳಗಕ್ಕೆ ಫುಯೆಂತೆರಾಬಿಯಾ ಎಂಬ ಗಡಿಪ್ರದೇಶಕ್ಕೆ ಹೋದರು. ಶತ್ರುಗಳಿಂದ ವಶಪಡಿಸಿಕೊಂಡ ಸಾಮಾನುಗಳ ಕಾವಲಿಗೆ ಅವರನ್ನು ನಿಲ್ಲಿಸಲಾಗಿತ್ತು. ಆ ಸಾಮಾನು ಕಳವಾಯಿತು. ದಳಪತಿಯು ಅವರನ್ನು ನೇಣಿಗೆ ಹಾಕುವಂತೆ ಆಜ್ಞಾಪಿಸಿದನು. ಮರದ ಕೆಳಗೆ ನಿಂತಿದ್ದಾಗ ದಾರಿಯಲ್ಲಿ ಬಂದ ದೊಡ್ಡ ಅಧಿಕಾರಿಯೊಬ್ಬರು ಕರುಣೆ ತೋರಿದ್ದರಿಂದ ಪ್ರಾಣ ಉಳಿಯಿತು. ಆದರೆ ಅವಮಾನದೊಡನೆ ಸೈನ್ಯದಿಂದ ಹೊರದೂಡಲ್ಪಟ್ಟರು. ಮತ್ತೆ ಒರೊಪೇಸಾದ ಕುರಿಮಂದೆಗೆ ಮರಳಿದರು. 1532ರಲ್ಲಿ ಮತ್ತೊಮ್ಮೆ ಯುದ್ಧಕ್ಕೆಂದು ವಿಯೆನ್ನಾ ಕಡೆಗೆ ಹೋಗಿ ಬಂದರು.

ಹಿಂದಿರುಗುವಾಗ ಹುಟ್ಟೂರಿಗೆ ಹೋದ ಅವರಿಗೆ ವೃದ್ಧ ಬಂಧುವೊಬ್ಬರ ಬಾಯಿಂದ ತಂದೆತಾಯಿಯ ಮರಣವಾರ್ತೆ ತಿಳಿಯಿತು. ತನ್ನಿಂದಲೇ ತಾಯಿ ಸತ್ತಳೆಂಬ ಕೊರಗು ಅಂದೇ ಅವರ ಎದೆಯೊಳಗೆ ಬೇರೂರಿತು. ಮುಂದೆ ಅವರು ಉತ್ತರ ಆಫ್ರಿಕಾದ ಸೆಯುಟಾ ಪಟ್ಟಣಕ್ಕೆ ಹೋಗಿ, ಗಡೀಪಾರಾಗಿದ್ದ ಪೋರ್ಚುಗೀಸ್ ಕುಟುಂಬವೊಂದನ್ನು ಕೋಟೆಯ ಕೂಲಿಕೆಲಸ ಮಾಡಿ ಸಾಕಿದರು. ಅಲ್ಲಿ ಜೊತೆಗೆ ದುಡಿಯುತ್ತಿದ್ದ ಗೆಳೆಯನೊಬ್ಬ ಮೇಲಿನವರ ಕ್ರೌರ್ಯವನ್ನು ತಾಳಲಾರದೆ ಓಡಿಹೋಗಿ ಕ್ರೈಸ್ತ ವಿಶ್ವಾಸವನ್ನೇ ತೊರೆದನು. ಅದಕ್ಕೂ ತಾನೇ ಹೊಣೆಯೆಂದು ಭಾವಿಸಿ ಯೊವಾನ್ನರು ನಿರಾಶೆಯ ಅಂಚಿಗೆ ಬಂದರು. ಫ್ರಾನ್ಸಿಸ್ಕನ್ ಗುರುವೊಬ್ಬರು ಅವರ ಸ್ಥಿತಿಯನ್ನು ಅರಿತು, ಆ ಊರನ್ನು ಬಿಟ್ಟು ಸ್ಪೇನಿಗೆ ಮರಳುವಂತೆ ಹೇಳಿದರು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮನೆ ಕಳೆದುಕೊಂಡ ಬಾಲ್ಯ, ನೇಣಿನ ಹತ್ತಿರದವರೆಗೆ ಹೋಗಿ ಬಂದ ಯೌವನ, ಹೆತ್ತವರ ಸಾವಿನ ಪಾಪಪ್ರಜ್ಞೆ, ಗೆಳೆಯನ ಅಗಲಿಕೆ, ನಲವತ್ತು ದಾಟಿದರೂ ಇಲ್ಲದ ನೆಲೆ, ಇವೆಲ್ಲವೂ ಒಬ್ಬನೇ ಮನುಷ್ಯನ ಹೆಗಲ ಮೇಲಿದ್ದವು. ಮನಸ್ಸಿನ ಕಾಯಿಲೆ ಆಕಾಶದಿಂದ ಬೀಳುವುದಿಲ್ಲ. ಅನೇಕ ವೇಳೆ ಅದು ಇಂಥ ಭಾರಗಳಡಿಯಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ.

ಗ್ರಾನಡಾದ ಆ ದಿನ

ಸ್ಪೇನಿಗೆ ಮರಳಿದ ಯೊವಾನ್ನರು ಭಕ್ತಿಗ್ರಂಥಗಳನ್ನೂ ಪವಿತ್ರ ಚಿತ್ರಪಟಗಳನ್ನೂ ಹೊತ್ತು ಮಾರುತ್ತಾ ಊರೂರು ಅಲೆದರು. 1538ರಲ್ಲಿ ಗ್ರಾನಡಾ ನಗರದ ಎಲ್ವಿರಾ ಬಾಗಿಲಿನ ಹತ್ತಿರ ಒಂದು ಚಿಕ್ಕ ಪುಸ್ತಕದ ಅಂಗಡಿ ತೆರೆದರು. ಕೊನೆಗೂ ನೆಲೆ ಸಿಕ್ಕಿತೆನ್ನುವಾಗಲೇ 1539ರ ಜನವರಿ 20 ಬಂತು. ಅಂದು ಸಂತ ಸೆಬಾಸ್ತಿಯಾನರ ಹಬ್ಬ. ಆ ಕಾಲದ ಹೆಸರಾಂತ ಬೋಧಕರಾದ ಆವಿಲಾದ ಯೊವಾನ್ನ ಗುರುಗಳು ಪ್ರಬೋಧನೆ ನೀಡಿದರು. ಮುಂದೆ 1970ರಲ್ಲಿ ಸಂತ ಪದವಿಗೇರಿ, 2012ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವ ಪಡೆದ ಮಹನೀಯರು ಇವರೇ.

ಪ್ರಬೋಧನೆ ಮುಗಿಯುವಷ್ಟರಲ್ಲಿ ಯೊವಾನ್ನರ ಒಳಗೆ ಕಟ್ಟಿಕೊಂಡಿದ್ದುದೆಲ್ಲ ಒಡೆಯಿತು. ದೇವರ ಕರುಣೆಯನ್ನು ಬೇಡುತ್ತಾ ಕೂಗಿದರು, ನೆಲಕ್ಕೆ ಬಿದ್ದು ಹೊರಳಿದರು, ಕೂದಲು ಕಿತ್ತುಕೊಂಡರು. ಅಂಗಡಿಗೆ ಓಡಿ ಲೌಕಿಕ ಪುಸ್ತಕಗಳನ್ನು ಹರಿದು, ಉಳಿದುದನ್ನು ಸಿಕ್ಕಿದವರಿಗೆ ಹಂಚಿ, ಮೈಮೇಲಿನ ಬಟ್ಟೆಯನ್ನೂ ಕೊಟ್ಟುಬಿಟ್ಟರು. ಅರೆಬೆತ್ತಲೆಯಾಗಿ ಬೀದಿಬೀದಿ ಓಡುತ್ತಿದ್ದ ಅವರ ಹಿಂದೆ ಹುಡುಗರು ಕಲ್ಲು, ಕೆಸರು ಎಸೆಯುತ್ತಾ ಕೂಗಿಕೊಂಡು ಹೋದರು. ಕೆಲವು ಸಜ್ಜನರು ಅವರನ್ನು ಆವಿಲಾದ ಗುರುಗಳ ಬಳಿಗೆ ಕರೆದೊಯ್ದರು. ಗುರುಗಳು ಉಳಿದವರನ್ನು ಹೊರಗೆ ಕಳುಹಿಸಿ, ಅವರ ಬಾಳಿನ ಕತೆಯನ್ನೆಲ್ಲ ಕುಳಿತು ಕೇಳಿದರು. ಪ್ರಾಯಶಃ ಯಾರೊಬ್ಬರು ಹಾಗೆ ಪೂರ್ತಿಯಾಗಿ ಕೇಳಿಸಿಕೊಂಡದ್ದು ಅದೇ ಮೊದಲು. ಆದರೂ ಕಳವಳ ಅಷ್ಟಕ್ಕೇ ಇಳಿಯಲಿಲ್ಲ. ಕೊನೆಗೆ ಜನರು ಅವರನ್ನು ಗ್ರಾನಡಾದ ರಾಜ ಆಸ್ಪತ್ರೆಗೆ ಸೇರಿಸಿದರು.

ಆ ಕಾಲದ ನಂಬಿಕೆಯಂತೆ ಹುಚ್ಚಿಗೆ ಮದ್ದು ಭಯ. ಕೈಕಾಲು ಕಟ್ಟಿ, ಗಂಟು ಹಾಕಿದ ಹಗ್ಗದಿಂದ ಹೊಡೆಯುತ್ತಿದ್ದರು. ತಮಗೆ ಬಿದ್ದ ಏಟುಗಳನ್ನು ಯೊವಾನ್ನರು ಪ್ರಭು ಯೇಸುವಿನ ಪಾಡುಗಳ ಸ್ಮರಣೆಯಿಂದ ಸಹಿಸಿದರು. ಆದರೆ ಪಕ್ಕದವರಿಗೆ ಬೀಳುವ ಏಟುಗಳನ್ನು ನೋಡಿ ಸುಮ್ಮನಿರಲಾಗಲಿಲ್ಲ. ನಿರ್ಗತಿಕರಾದ ಈ ಸಹೋದರರನ್ನು ಇಷ್ಟು ನಿಷ್ಕರುಣೆಯಿಂದ ಕಾಣುವುದೇಕೆಂದು ಸೇವಕರನ್ನು ಗದರಿಸಿ ಕೇಳಿದರು. ಅದಕ್ಕೂ ಏಟು ತಿಂದರು.

ಈ ದಿನಗಳಲ್ಲಿ ಒಂದು ಚಿಕ್ಕ ಘಟನೆ ನಡೆಯಿತು. ಆವಿಲಾದ ಗುರುಗಳು ತಮ್ಮ ಶಿಷ್ಯನೊಬ್ಬನನ್ನು ಆಸ್ಪತ್ರೆಗೆ ಕಳುಹಿಸಿ ಯೊವಾನ್ನರನ್ನು ವಿಚಾರಿಸಿಕೊಂಡರು. ಹುಚ್ಚರ ಕೋಣೆಗೆ ಒಬ್ಬ ಮನುಷ್ಯ ಹೆಸರು ಹಿಡಿದು ಹುಡುಕಿಕೊಂಡು ಬಂದನು. ಅವರು ಬರಬರುತ್ತಾ ಶಾಂತರಾದರು. ಕಟ್ಟು ಬಿಚ್ಚಿದ ಮೇಲೆ ಆಸ್ಪತ್ರೆಯನ್ನು ಗುಡಿಸಿದರು, ರೋಗಿಗಳನ್ನು ತೊಳೆದರು, ಉಣಿಸಿದರು. ಇಂಥವರನ್ನು ತಾನು ಬಯಸಿದ ರೀತಿಯಲ್ಲಿ ನೋಡಿಕೊಳ್ಳಲು ತನ್ನದೇ ಒಂದು ಆಸ್ಪತ್ರೆಯನ್ನು ದೇವರು ಕೊಡಲೆಂಬ ಬೇಡಿಕೆ ಅಲ್ಲಿಯೇ ಅವರಲ್ಲಿ ಹುಟ್ಟಿತು.

ಅದು ಕಾಯಿಲೆಯೋ, ದೈವಪ್ರೇಮದ ಉನ್ಮಾದವೋ, ಅಪಮಾನ ಹೊರಲೆಂದು ಬೇಕೆಂದೇ ತೋರಿದ ನಟನೆಯೋ ಎಂದು ಚರಿತ್ರೆಕಾರರು ಚರ್ಚಿಸುತ್ತಾ ಬಂದಿದ್ದಾರೆ. ಸಂತರಿಗೆ ಮನಸ್ಸಿನ ಕಾಯಿಲೆ ಬಂತೆಂದು ಒಪ್ಪಲು ಕೆಲವರಿಗೆ ಸಂಕೋಚ. ಆದರೆ ಈ ಸಂಕೋಚಕ್ಕೆ ಕಾರಣವಿಲ್ಲ. ದೇವರ ಕೃಪೆಯು ಮನುಷ್ಯನ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಸಂತರಿಗೆ ಜ್ವರ ಬರುವುದಾದರೆ, ಕಾಲು ಮುರಿಯುವುದಾದರೆ, ಮನಸ್ಸೂ ಮುರಿಯಬಹುದು. ಅದು ವಿಶ್ವಾಸದ ಕೊರತೆಯ ಗುರುತಲ್ಲ.

ಅದೇ ಅಕ್ವಿನಾಸರು ದುಃಖಕ್ಕೆ ಪರಿಹಾರಗಳಾವುವೆಂದು ವಿಚಾರ ಮಾಡಿ ಐದನ್ನು ಹೆಸರಿಸಿದ್ದಾರೆ. ಸಂತೋಷ ಕೊಡುವ ಕೆಲಸ, ಮನಬಿಚ್ಚಿ ಅಳುವುದು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ. ಅಷ್ಟು ದೊಡ್ಡ ದೇವಶಾಸ್ತ್ರಜ್ಞರು ನಿದ್ರೆಯನ್ನೂ ಸ್ನಾನವನ್ನೂ ಮರೆಯಲಿಲ್ಲ ಎಂಬುದು ಗಮನಾರ್ಹ. ಗೆಳೆಯರ ಸಹಾನುಭೂತಿಯ ಬಗ್ಗೆ ಅವರು ಕೊಡುವ ಕಾರಣ ಬಹಳ ಸರಳ. ದುಃಖವೊಂದು ಹೊರೆ. ಬೇರೊಬ್ಬರು ಕೈಹಾಕಿದರೆ ಹೊರೆ ಹಗುರಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ತನ್ನನ್ನು ಪ್ರೀತಿಸುವವರಿದ್ದಾರೆಂದು ನೊಂದವನಿಗೆ ತಿಳಿಯುತ್ತದೆ.

ಸೌದೆಯ ಹೊರೆಯಿಂದ ಆಸ್ಪತ್ರೆಯವರೆಗೆ

ಆಸ್ಪತ್ರೆಯಿಂದ ಹೊರಬಂದ ಯೊವಾನ್ನರು ಗ್ವಾದಲೂಪೆ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದರು. ಬಳಿಕ ಬಾಯೇಸಾ ಎಂಬಲ್ಲಿ ಆವಿಲಾದ ಗುರುಗಳೊಡನೆ ಕೆಲವು ದಿನ ತಂಗಿದರು. ಗುರುಗಳು ಅವರನ್ನು ಗ್ರಾನಡಾಕ್ಕೇ ಮರಳುವಂತೆ ಹೇಳಿ, ಅಲ್ಲಿ ಒಬ್ಬ ಆತ್ಮೀಯ ಮಾರ್ಗದರ್ಶಕ ಗುರುವನ್ನೂ ಗೊತ್ತುಮಾಡಿಕೊಟ್ಟರು. ಕಲ್ಲು ಹೊಡೆಸಿಕೊಂಡ ಊರಿಗೇ ಮರಳುವುದು ಸುಲಭದ ಮಾತಾಗಿರಲಿಲ್ಲ. ಬೆಟ್ಟದಿಂದ ಸೌದೆ ಹೊತ್ತು ತಂದು ಮಾರಿ ಹೊಟ್ಟೆ ಹೊರೆಯಲು ನಿಶ್ಚಯಿಸಿದರು. ಮೊದಲ ದಿನ ಊರ ಬಾಗಿಲವರೆಗೆ ಬಂದವರು ನಾಚಿಕೆಯಿಂದ ಒಳಹೋಗಲಾರದೆ, ಹೊರೆಯನ್ನು ಒಬ್ಬ ಬಡ ವಿಧವೆಗೆ ಕೊಟ್ಟು ಹಿಂದಿರುಗಿದರು. ಮಾರನೆಯ ದಿನ ಮನಸ್ಸು ಗಟ್ಟಿಮಾಡಿಕೊಂಡು ನೇರ ಪೇಟೆಯ ನಡುವಿಗೆ ನಡೆದರು. ಗುರುತಿಸಿದ ಜನ ಪರಿಹಾಸ್ಯ ಮಾಡಿದರು. ಅವರೂ ನಗುತ್ತಲೇ ಉತ್ತರಿಸಿದರು. ಮಾನಸಿಕ ಕಾಯಿಲೆಯಿಂದ ಗುಣಮುಖರಾಗಿ ಕೆಲಸಕ್ಕೆ ಮರಳಿದವರು ಮೊದಲ ದಿನ ಕಚೇರಿಯ ಮೆಟ್ಟಿಲು ಹತ್ತುವಾಗ ಅನುಭವಿಸುವುದು ಇದನ್ನೇ.

ಬೀದಿಬದಿಯಲ್ಲಿ, ಮನೆಗಳ ಜಗಲಿಯಲ್ಲಿ ಚಳಿಗೆ ನಡುಗುತ್ತಾ ಮಲಗಿದ್ದ ರೋಗಿಗಳನ್ನು ಕಂಡು ಅವರು ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಚಾಪೆ, ಹಳೆಯ ಕಂಬಳಿ ಕೂಡಿಸಿದರು. ನಡೆಯಲಾರದವರನ್ನು ತಮ್ಮ ಬೆನ್ನ ಮೇಲೆ ಹೊತ್ತು ತಂದರು. ರಾತ್ರಿಯಾಯಿತೆಂದರೆ ಬೆನ್ನಿಗೊಂದು ಬುಟ್ಟಿ, ಕೊರಳಿಗೆ ಹಗ್ಗದಲ್ಲಿ ಎರಡು ಪಾತ್ರೆ ತೂಗುಹಾಕಿಕೊಂಡು ಬೀದಿಗಳಲ್ಲಿ ಭಿಕ್ಷೆಗೆ ಹೊರಡುವರು. ಬಡವರಿಗೆ ಕೊಡಿರೆಂದು ಕೂಗದೆ, ದಾನ ಕೊಡುವ ಮೂಲಕ ನಿಮಗೆ ನೀವೇ ಒಳಿತು ಮಾಡಿಕೊಳ್ಳಿ ಎಂಬರ್ಥದಲ್ಲಿ ಕೂಗುತ್ತಿದ್ದುದು ಅವರ ರೂಢಿಯಾಗಿತ್ತು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ತೂಯ್ ಧರ್ಮಪ್ರಾಂತ್ಯದ ಬಿಷಪರು ಅವರಿಗೆ ಸರಳವಾದ ಒಂದು ಉಡುಪನ್ನೂ ದೇವರ ಯೊವಾನ್ನ ಎಂಬ ಹೆಸರನ್ನೂ ಕೊಟ್ಟರು. ಹುಚ್ಚ ಎಂಬ ಹೆಸರು ಅಳಿದು ಈ ಹೆಸರು ಉಳಿಯಿತು.

ಮನೆ ಸಾಲದೆ ಹೋದಾಗ ಗೊಮೇರೆಸ್ ಏರುದಾರಿಯಲ್ಲಿ ದೊಡ್ಡ ಕಟ್ಟಡಕ್ಕೆ ಹೋದರು. ಬಾಳಿನ ಕೊನೆಯ ವರ್ಷದಲ್ಲಿ ಮಿತ್ರರೊಬ್ಬರಿಗೆ ಬರೆದ ಪತ್ರದಲ್ಲಿ, ತಮ್ಮ ಮನೆಯಲ್ಲಿ 110ಕ್ಕೂ ಹೆಚ್ಚು ಜನರಿರುವರೆಂದು ತಿಳಿಸಿ, ಅಲ್ಲಿರುವವರ ಪಟ್ಟಿ ಕೊಡುತ್ತಾರೆ. ಅಂಗವಿಕಲರು, ಕುಷ್ಠರೋಗಿಗಳು, ಮೂಕರು, ಪಾರ್ಶ್ವವಾಯು ಬಡಿದವರು, ಮುದುಕರು, ಮಕ್ಕಳು, ಇವರೊಡನೆ ಬುದ್ಧಿಭ್ರಮಣೆಯಾದವರನ್ನೂ ಹೆಸರಿಸುತ್ತಾರೆ. ಅವರನ್ನು ಬೇರೆ ಕೋಣೆಯಲ್ಲಿ ಕಟ್ಟಿಹಾಕಿರಲಿಲ್ಲ. ಅವರೂ ಎಲ್ಲರಂತೆ ಮನೆಯ ಮಂದಿ.

ಒಡನಾಡಿಗಳ ಬಳಗ

ಯೊವಾನ್ನರು ಒಬ್ಬರೇ ಈ ಕೆಲಸ ಮಾಡಲಿಲ್ಲ. ಅವರ ಜೊತೆಗೂಡಿದವರು ಯಾರೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಆಂತೋನ್ ಮಾರ್ತಿನ್ ಎಂಬವನು ತನ್ನ ತಮ್ಮನನ್ನು ಕೊಂದವನಿಗೆ ಶಿಕ್ಷೆಯಾಗಲೇಬೇಕೆಂದು ಹಟ ತೊಟ್ಟು ಗ್ರಾನಡಾಕ್ಕೆ ಬಂದಿದ್ದನು. ಕೊಲೆಯ ಆರೋಪ ಹೊತ್ತವನು ಪೇದ್ರೊ ವೆಲಾಸ್ಕೊ. ಯೊವಾನ್ನರು ಆಂತೋನನ್ನು ಬೀದಿಯಲ್ಲಿ ಎದುರಾಗಿ, ಶಿಲುಬೆಯನ್ನು ತೋರಿಸಿ, ಕ್ಷಮಿಸುವಂತೆ ಬೇಡಿಕೊಂಡರು. ಹಗೆ ಕರಗಿತು. ಆಂತೋನ್, ಪೇದ್ರೊ ಇಬ್ಬರೂ ಆ ಆಸ್ಪತ್ರೆಯಲ್ಲಿ ಒಟ್ಟಿಗೆ ರೋಗಿಗಳ ಸೇವೆಗೆ ನಿಂತರು. ಕೊಂದವನೂ ತಮ್ಮನನ್ನು ಕಳೆದುಕೊಂಡವನೂ ಒಂದೇ ಹಾಸಿಗೆಯ ಎರಡು ಬದಿಗೆ ನಿಂತು ರೋಗಿಯನ್ನು ಎತ್ತುತ್ತಿದ್ದರು. ಮನಸ್ಸು ಮುರಿದಿದ್ದ ಒಬ್ಬರು, ಹಗೆಯಿಂದ ಕುದಿದ ಒಬ್ಬರು, ಪಾಪದ ಭಾರ ಹೊತ್ತ ಒಬ್ಬರು ಕೂಡಿ ಕಟ್ಟಿದ ಬಳಗ ಅದು. ತಾವು ಗಾಯಗೊಂಡವರಾದ್ದರಿಂದಲೇ ಅವರಿಗೆ ಪರರ ಗಾಯವನ್ನು ಮುಟ್ಟುವ ಬಗೆ ತಿಳಿದಿತ್ತು.

ಯೊವಾನ್ನರು ಬರೆಸಿದ ಆರು ಪತ್ರಗಳು ಉಳಿದಿವೆ. ಅವುಗಳಲ್ಲಿ ಒಂದು, ಯಾವ ದಾರಿ ಹಿಡಿಯಬೇಕೆಂದು ತಿಳಿಯದೆ ತೊಳಲುತ್ತಿದ್ದ ಲೂಯಿಸ್ ಬಾವುತಿಸ್ತಾ ಎಂಬ ಯುವಕನಿಗೆ ಬರೆದದ್ದು. ಹುಟ್ಟಿಲ್ಲದ ದೋಣಿಗೆ ಅವನನ್ನು ಹೋಲಿಸುವ ಸಂತರು, ತಾವೂ ಅನೇಕ ಸಲ ದಿಕ್ಕುಗಾಣದೆ ನಿಂತವರೆಂದು ಒಪ್ಪಿಕೊಳ್ಳುತ್ತಾರೆ. ಮೇಲೆ ನಿಂತು ಉಪದೇಶ ಮಾಡದೆ, ಪಕ್ಕದಲ್ಲಿ ಕುಳಿತು ತಮ್ಮ ಸ್ಥಿತಿಯನ್ನೂ ಹೇಳಿಕೊಳ್ಳುವ ಈ ರೀತಿಯೇ ಅವರ ಗುಟ್ಟು. ಇನ್ನೊಂದು ಪತ್ರದಲ್ಲಿ, ಸಾಲಗಾರರ ಕಾಟದಿಂದ ಹೊರಗೆ ಹೋಗಲೂ ಹಿಂಜರಿಯುವುದನ್ನೂ, ಇಷ್ಟು ಮಂದಿ ಬಡವರ ಸಂಕಟ ನೋಡಿ ತಮಗಾಗುವ ಅತಿ ದುಃಖವನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಆಸ್ಪತ್ರೆ ಕಟ್ಟಿದ ಮೇಲೂ ದುಃಖ ಅವರನ್ನು ಪೂರ್ತಿಯಾಗಿ ಬಿಟ್ಟುಹೋಗಿರಲಿಲ್ಲ. ಆದರೆ ಅವರು ಅದನ್ನು ಪ್ರಭುವಿಗೂ ಗೆಳೆಯರಿಗೂ ಹೇಳಿಕೊಳ್ಳುತ್ತಿದ್ದರು, ಒಬ್ಬರೇ ಹೊರಲಿಲ್ಲ.

1549ರ ಜುಲೈ ತಿಂಗಳಿನಲ್ಲಿ ರಾಜ ಆಸ್ಪತ್ರೆಗೆ ಬೆಂಕಿ ಬಿತ್ತು. ತಾವು ಕಟ್ಟಿಹಾಕಿಸಿಕೊಂಡಿದ್ದ ಅದೇ ಕಟ್ಟಡದ ಉರಿಯೊಳಗೆ ಯೊವಾನ್ನರು ನುಗ್ಗಿ, ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹೊತ್ತು ಹೊರತಂದರು. ಹಾಸಿಗೆ ಕಂಬಳಿಗಳನ್ನು ಕಿಟಕಿಯಿಂದ ಹೊರಗೆಸೆದರು. ಮರುವರ್ಷದ ಆರಂಭದಲ್ಲಿ ಹೆನಿಲ್ ನದಿಯ ಪ್ರವಾಹದಲ್ಲಿ ತೇಲಿಬಂದ ಸೌದೆ ಕೂಡಿಸುತ್ತಿದ್ದಾಗ ಹುಡುಗನೊಬ್ಬ ನೀರುಪಾಲಾದನು. ಅವನನ್ನು ಉಳಿಸಲು ಚಳಿಯ ನೀರಿಗೆ ಹಾರಿದ ಯೊವಾನ್ನರು ಕಾಯಿಲೆ ಬಿದ್ದರು. ಪೀಸಾ ಮನೆತನದವರು ಅವರನ್ನು ತಮ್ಮ ಮನೆಗೆ ಕರೆದೊಯ್ದರು. ಮಹಾಧರ್ಮಾಧ್ಯಕ್ಷರು ಬಂದು ಸಂಸ್ಕಾರಗಳನ್ನು ನೀಡಿ, ಅವರ ಸಾಲದ ಪಟ್ಟಿಯನ್ನೂ ಬಡವರ ಹೊಣೆಯನ್ನೂ ತಾವೇ ವಹಿಸಿಕೊಂಡರು. 1550ರ ಮಾರ್ಚ್ 8ರಂದು ಅವರು ಹಾಸಿಗೆಯಿಂದ ಇಳಿದು, ಶಿಲುಬೆಯನ್ನು ಅಪ್ಪಿಕೊಂಡು, ಮೊಣಕಾಲೂರಿದ ಸ್ಥಿತಿಯಲ್ಲಿಯೇ ಪ್ರಾಣಬಿಟ್ಟರು.

ಬಳಗ ಚದುರಲಿಲ್ಲ. ಆಂತೋನ್ ಮಾರ್ತಿನ್ ಮುಂದಾಳಾಗಿ ಮದ್ರಿದ್ ನಗರದಲ್ಲಿಯೂ ಆಸ್ಪತ್ರೆ ತೆರೆದನು. 1572ರಲ್ಲಿ ಪೋಪ್ ಐದನೆಯ ಪಿಯುಸ್ ಈ ಸಹೋದರರ ಬಳಗಕ್ಕೆ ಧರ್ಮಸಭೆಯ ಮನ್ನಣೆ ಕೊಟ್ಟರು. 1690ರಲ್ಲಿ ಯೊವಾನ್ನರು ಸಂತ ಪದವಿಗೇರಿದರು. ಅವರ ಸಭೆಯವರು ಇಂದು ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸೇವೆ ಮಾಡುತ್ತಿದ್ದು, ಮಾನಸಿಕ ರೋಗಿಗಳ ಆರೈಕೆ ಅವರ ಮುಖ್ಯ ಕೆಲಸಗಳಲ್ಲೊಂದಾಗಿದೆ. ನೆರೆಯ ಕೇರಳದ ಕಟ್ಟಪ್ಪನದಲ್ಲಿಯೂ 1969ರಿಂದ ಅವರ ಸೇವೆ ನಡೆದಿದೆ.

ನಮ್ಮ ಮನೆ, ನಮ್ಮ ಊರು

ಗ್ರಾನಡಾದ ಬೆಂಕಿಯ ಕತೆ ಓದುವಾಗ ನಮ್ಮ ನೆರೆಯ ತಮಿಳುನಾಡಿನ ಏರ್ವಾಡಿ ನೆನಪಾಗದೆ ಇರದು. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಾನಸಿಕ ರೋಗಿಗಳು ಸತ್ತರು. ಇದನ್ನು ಯಾವುದೇ ಒಂದು ಮತದ ಮೇಲಿನ ದೂರಾಗಿ ಹೇಳುತ್ತಿಲ್ಲ. ಕಾಯಿಲೆಯವರನ್ನು ದೂರದಲ್ಲೆಲ್ಲೋ ಬಿಟ್ಟುಬಂದು ಮರೆಯುವ ಅಭ್ಯಾಸ ಎಲ್ಲ ಸಮುದಾಯಗಳಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಆದರೆ ಕಾಯಿದೆ ಕಬ್ಬಿಣದ ಸರಪಳಿಯನ್ನು ಬಿಚ್ಚಬಲ್ಲದು. ಮನೆಯ ಮಾನ ಹೋಗುತ್ತದೆ, ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಭಯದಿಂದ ನಾವು ಹಾಕುವ ಮೌನದ ಸರಪಳಿಯನ್ನು ನಾವೇ ಬಿಚ್ಚಬೇಕು.

ಹಾಗಾದರೆ ಮನೆಯೊಂದರಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿ, ನಿದ್ರೆ ಊಟ ತಪ್ಪಿ, ಬಾಳು ಬೇಡವೆನ್ನುವಂತಿದ್ದರೆ ಮಾಡಬೇಕಾದುದೇನು? ಮೊದಲು ವೈದ್ಯರನ್ನು ಕಾಣಬೇಕು. ಪ್ರಾರ್ಥನೆ ಔಷಧಿಗೆ ಬದಲಿಯಲ್ಲ, ಅದರ ಸಂಗಾತಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ನಡೆಸಿದ ಪ್ರಯೋಗದ ಮಾದರಿಯ ಮೇಲೆಯೇ 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ದೂರ ಹೋಗಲಾಗದವರು 14416 ಸಂಖ್ಯೆಗೆ ದೂರವಾಣಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನ್ನಾಡುವವರನ್ನು ಒಂಟಿಯಾಗಿ ಬಿಡಬಾರದು. ಅದನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕಲೂಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ವೈದ್ಯರ ಬಳಿಕ ಬೇಕಾದುದು ಒಡನಾಡಿಗಳು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಅವರನ್ನೂ ಆರೈಕೆಯಲ್ಲಿ ಸೇರಿಸಿಕೊಂಡರು. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಚೇತರಿಸಿಕೊಂಡು ಮನೆ ಸೇರಿದರು. ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿಯಾಯಿತು. ಇಂದು ಬೆಂಗಳೂರಿನಲ್ಲಿ ರೋಗಿಗಳ ಮನೆಯವರೇ ಕೂಡಿಕೊಂಡು ನಡೆಸುವ ಸಂಘಗಳಿವೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಾನಸಧಾರ ಎಂಬ ಹೆಸರಿನ ಹಗಲು ಆರೈಕೆ ಕೇಂದ್ರಗಳು ಸ್ಥಾಪನೆಯಾಗಿವೆ. ನಿಮ್ಮ ಊರಿನ ಸುತ್ತ ಇಂಥ ಗುಂಪು ಎಲ್ಲಿದೆಯೆಂದು ತಿಳಿಯಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ, ಅಲ್ಲಿನ ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸಿ. 14416ರಲ್ಲಿಯೂ ಕೇಳಬಹುದು. ಧರ್ಮಭಗಿನಿಯರು ನಡೆಸುವ ಆಪ್ತಸಲಹಾ ಕೇಂದ್ರ ಹತ್ತಿರವಿದ್ದರೆ ಅಲ್ಲಿಯೂ ದಾರಿ ತಿಳಿಯುತ್ತದೆ. ಮದ್ಯವ್ಯಸನಿಗಳ ಕುಟುಂಬಗಳು ವಾರಕ್ಕೊಮ್ಮೆ ಕೂಡಿ ಮಾತನಾಡುವುದರಿಂದ ಎಷ್ಟು ಬಲ ಪಡೆದಿವೆಯೆಂದು ನಮ್ಮಲ್ಲಿ ಅನೇಕರು ಬಲ್ಲರು. ಖಿನ್ನತೆಯ ವಿಷಯದಲ್ಲಿಯೂ ಅದು ಸಾಧ್ಯ.

ಹತ್ತಿರದಲ್ಲಿ ಗುಂಪೇ ಇಲ್ಲದಿದ್ದರೆ? ಯೊವಾನ್ನರು ಬಾಡಿಗೆಯ ಒಂದು ಮನೆಯಿಂದ ಆರಂಭಿಸಿದರು. ನಮ್ಮ ಧರ್ಮಕೇಂದ್ರದ ಸಭಾಭವನದ ಒಂದು ಕೋಣೆ, ಹದಿನೈದು ದಿನಕ್ಕೊಂದು ಸಂಜೆ, ಇಂಥ ಕಷ್ಟವನ್ನು ಬಲ್ಲ ಮೂರು ನಾಲ್ಕು ಮನೆಯವರು, ಇಷ್ಟಿದ್ದರೆ ಸಾಕು. ಕೆಲವು ನಿಯಮಗಳು ಮಾತ್ರ ಇರಲಿ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಯಾರೂ ಯಾರಿಗೂ ಉಪದೇಶ ಮಾಡಬಾರದು, ಗುರುಗಳಾದ ನಾವೂ ಮಾಡಬಾರದು. ಮಾತ್ರೆ ನಿಲ್ಲಿಸೆಂದು ಯಾರೂ ಹೇಳಬಾರದು. ಮಾತನಾಡಲಾರದವರು ಸುಮ್ಮನೆ ಕುಳಿತಿರಲು ಅವಕಾಶವಿರಬೇಕು. ಯಾವ ಮತದವರೇ ಬರಲಿ, ಬಾಗಿಲು ತೆರೆದಿರಬೇಕು. ಎರಡು ತಿಂಗಳಿಗೊಮ್ಮೆ ಮನೋವೈದ್ಯರನ್ನೋ ದಾದಿಯರನ್ನೋ ಕರೆಸಿ ಸಂದೇಹಗಳನ್ನು ಕೇಳಬಹುದು. ಗುಣಮುಖರಾದವರು ಮುಂದಾಳುಗಳಾದರೆ ಬಹಳ ಒಳ್ಳೆಯದು. ಅವರ ಒಂದು ಮಾತು ನಮ್ಮ ಹತ್ತು ಪ್ರಬೋಧನೆಗಳಿಗೆ ಸಮ.

ಆತ್ಮಹತ್ಯೆಯಿಂದ ಮಗುವನ್ನೋ ಸಂಗಾತಿಯನ್ನೋ ಕಳೆದುಕೊಂಡ ಮನೆಗಳಿಗೂ ಒಂದು ಮಾತು. ತೀವ್ರ ಮಾನಸಿಕ ವೇದನೆಯು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತದೆಂದೂ, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮಸಭೆ ಬೋಧಿಸುತ್ತದೆ. ನೀವು ತಲೆ ತಗ್ಗಿಸಿ ದೇವಾಲಯದ ಹಿಂದಿನ ಸಾಲಿನಲ್ಲಿ ಕೂರಬೇಕಾಗಿಲ್ಲ. ಆ ಗುಂಪಿನಲ್ಲಿ ನಿಮಗೂ ಸ್ಥಳವಿದೆ.

ಅಂದು ಬಾಗಿಲ ಬಳಿ ನಿಂತ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೇ. ಇಲ್ಲ ತಾಯಿ, ನಿಮ್ಮದೊಂದೇ ಮನೆಯಲ್ಲ. ಇನ್ನೂ ಕೆಲವು ಮನೆಗಳಿವೆ, ಬನ್ನಿ, ಅವರನ್ನು ಕೂಡಿಸೋಣ ಎಂದು ಹೇಳಬೇಕಿತ್ತು. ಈ ಉತ್ತರ ಕೊಡಲು ನನಗೆ ಪಾಂಡಿತ್ಯ ಬೇಕಿರಲಿಲ್ಲ, ಕೇಳಿಸಿಕೊಳ್ಳುವ ತಾಳ್ಮೆ ಬೇಕಿತ್ತು. ಈ ಭಾನುವಾರ ಪೂಜೆ ಮುಗಿದ ಮೇಲೆ, ಯಾರೊಡನೆಯೂ ಮಾತನಾಡದೆ ಬೇಗ ಬೇಗನೆ ಹೊರಟುಹೋಗುವ ಒಂದು ಮನೆಯವರನ್ನು ಗಮನಿಸಿ, ಆ ಸಂಜೆ ಅವರ ಬಾಗಿಲು ತಟ್ಟಿ. ಹುಚ್ಚರ ಕೋಣೆಗೆ ಹೆಸರು ಹಿಡಿದು ಹುಡುಕಿಕೊಂಡು ಹೋದ ಆ ಶಿಷ್ಯನ ಹೆಜ್ಜೆಯಲ್ಲಿ ನಡೆಯುವ ಮನಸ್ಸನ್ನು ದೇವರ ಸಂತ ಯೊವಾನ್ನರು ನಮಗೆಲ್ಲರಿಗೂ ಬೇಡಿ ಕೊಡಿಸಲಿ.